ನೂರಕ್ಕೆ ನೂರು, ಸರಿ. ಎಷ್ಟು ಮಕ್ಕಳಲ್ಲಿ?

ಓದುಗರ ಪ್ರಶ್ನೆ, ಟೀಚರ್ ಉತ್ತರ

(ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಫಲಿತಾಂಶ, ಸರ್ವೆ, ಶೇಕಡಾವಾರು ಇವುಗಳ ಸುತ್ತಲೇ ಇವೆ. ಮಂಡ್ಯ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ, ಮುಖ್ಯ ಶಿಕ್ಷಕಿಯಾಗಿ, ಆಮೇಲೆ ಸಿಆರ್‌ಪಿಯಾಗಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಾರು ಶಾಲೆಗಳ ರಿಜಿಸ್ಟರ್ ತಿರುವಿ ನಿವೃತ್ತರಾದ ನಮ್ಮ ಟೀಚರ್ ಉತ್ತರಿಸಿದ್ದಾರೆ. – ಸಂ.)

*ನನ್ನ ಮಗಳು ಏಳನೇ ಕ್ಲಾಸ್ ಮುಗಿಸಿದ್ದಾಳೆ. ಎಂಟಕ್ಕೆ ಎಲ್ಲಿ ಸೇರಿಸೋದು ಅಂತ ಮನೆಯಲ್ಲಿ ದಿನಾ ಚರ್ಚೆ. ಹತ್ತಿರದ ಖಾಸಗಿ ಶಾಲೆ ಮುಂದೆ ‘ಎಸ್ಸೆಸ್ಸೆಲ್ಸಿ ಶೇ. 100 ಫಲಿತಾಂಶ’ ಅಂತ ದೊಡ್ಡ ಫ್ಲೆಕ್ಸ್ ಇದೆ. ಸರ್ಕಾರಿ ಹೈಸ್ಕೂಲಿನದು ಶೇ. 78. ನಮ್ಮ ಯಜಮಾನರು ಫ್ಲೆಕ್ಸ್ ಕಡೆ ವಾಲಿದ್ದಾರೆ. ನೀವೇನಂತೀರಿ?*
– ಒಬ್ಬ ತಾಯಿ, ಮದ್ದೂರು ತಾಲ್ಲೂಕು

ವಾಲಲಿ ಬಿಡಮ್ಮ, ಪರವಾಗಿಲ್ಲ. ಆದರೆ ಫೀಸು ಕಟ್ಟುವ ಮುಂಚೆ ಆ ಶಾಲೆಯ ಆಫೀಸಿಗೆ ಹೋಗಿ ಎರಡು ಸಂಖ್ಯೆ ಕೇಳಿಕೊಂಡು ಬರಲಿ. ಈ ಸಲ ಹತ್ತನೇ ತರಗತಿ ಪರೀಕ್ಷೆಗೆ ಕೂತವರು ಎಷ್ಟು ಮಂದಿ? ಅದೇ ಬ್ಯಾಚು ಎಂಟನೇ ಕ್ಲಾಸಿನಲ್ಲಿದ್ದಾಗ ಎಷ್ಟು ಮಂದಿ ಇದ್ದರು?

ಎರಡನೆಯದನ್ನು ಕೇಳಿದರೆ ಕೆಲವು ಕಡೆ ಮುಖ ಸಪ್ಪಗಾಗುತ್ತದೆ. ಎಂಟರಲ್ಲಿ 60 ಮಕ್ಕಳಿದ್ದು ಹತ್ತಕ್ಕೆ ಬರುವಾಗ 41 ಆಗಿದ್ದಾರೆ ಅಂತಿಟ್ಟುಕೊಳ್ಳಿ. ಆ 19 ಮಕ್ಕಳು ಎಲ್ಲಿ ಹೋದರು? ಕೆಲವರು ಅಪ್ಪನ ಕೆಲಸದ ದೆಸೆಯಿಂದ ಊರು ಬಿಟ್ಟಿರಬಹುದು. ಕೆಲವರಿಗೆ ಫೀಸು ಕಟ್ಟಲು ಆಗದೇ ಇರಬಹುದು. ಇನ್ನು ಕೆಲವರ ಮನೆಯವರನ್ನು ಒಂಬತ್ತನೇ ಕ್ಲಾಸು ಮುಗಿಯುವ ಹೊತ್ತಿಗೆ ಕರೆಸಿ, ‘ನಿಮ್ಮ ಹುಡುಗನಿಗೆ ಗಣಿತ ಹತ್ತುತ್ತಿಲ್ಲ, ಬೇರೆ ಕಡೆ ನೋಡಿಕೊಳ್ಳಿ’ ಅಂತ ಟಿಸಿ ಕೈಗೆ ಕೊಟ್ಟಿರುತ್ತಾರೆ.

ಆ ಮಕ್ಕಳು ಮಾಯವಾಗುವುದಿಲ್ಲ. ಪಕ್ಕದ ಸರ್ಕಾರಿ ಹೈಸ್ಕೂಲಿನ ದಾಖಲಾತಿ ಪುಸ್ತಕ ತೆರೆಯಿರಿ, ಅಲ್ಲಿ ಸಿಗುತ್ತಾರೆ. ಜೂನ್ ತಿಂಗಳು, ನೇರವಾಗಿ ಹತ್ತನೇ ತರಗತಿಗೆ ಪ್ರವೇಶ. ‘ಹಿಂದೆ ಓದಿದ ಶಾಲೆ’ ಎಂಬ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ಒಂದೇ ಶಾಲೆ. ನಾನು ನೋಡಿದ ಒಂದು ಪುಸ್ತಕದಲ್ಲಿ ಗುಮಾಸ್ತರು ಮೊದಲ ಸಾಲಿನಲ್ಲಿ ಶಾಲೆಯ ಹೆಸರನ್ನು ಪೂರ್ತಿ ಬರೆದಿದ್ದರು. ಆಮೇಲೆ ಬೇಜಾರಾಗಿ ‘ಸದರಿ’, ‘ಸದರಿ’, ‘ಸದರಿ’ ಅಂತ ಪುಟದ ಕೊನೆವರೆಗೂ ಎಳೆದುಬಿಟ್ಟಿದ್ದರು. ಆ ಮಕ್ಕಳಲ್ಲಿ ಯಾರು ಫೇಲಾದರೂ ಅದು ಸರ್ಕಾರಿ ಶಾಲೆಯ ಲೆಕ್ಕಕ್ಕೆ. ಅಂದರೆ ಫ್ಲೆಕ್ಸಿನ 100ರ ಒಂದು ಪಾಲು ಈ 78ರ ಒಳಗೆ ಕೂತಿರಬಹುದು, ಅಲ್ವಾ?

ಎಲ್ಲ ಖಾಸಗಿ ಶಾಲೆಯೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಎಂಟಕ್ಕೆ ಸೇರಿದ ಅಷ್ಟೂ ಮಕ್ಕಳನ್ನು ಹತ್ತು ದಾಟಿಸುವ ಶಾಲೆಗಳೂ ಇವೆ. ಅಂಥವರಿಗೆ ಈ ಪ್ರಶ್ನೆ ಕೇಳಿದರೆ ಖುಷಿಯಾಗಿ ರಿಜಿಸ್ಟರನ್ನೇ ತೋರಿಸುತ್ತಾರೆ.

ಇನ್ನೊಂದು ಮಾತು. ಸಣ್ಣ ಶಾಲೆಯ ಶೇಕಡಾವಾರು ನೋಡಿ ಹೆದರಲೂ ಬೇಡಿ, ಕುಣಿಯಲೂ ಬೇಡಿ. ಹತ್ತನೇ ಕ್ಲಾಸಿನಲ್ಲಿ ಎಂಟೇ ಮಕ್ಕಳಿದ್ದರೆ ಒಬ್ಬ ಫೇಲಾದರೂ ಫಲಿತಾಂಶ 87.5ಕ್ಕೆ ಇಳಿಯುತ್ತದೆ. ಇಬ್ಬರಾದರೆ 75. ಪರೀಕ್ಷೆ ದಿನ ಒಬ್ಬ ಹುಡುಗನಿಗೆ ಜ್ವರ ಬಂದರೆ ಶಾಲೆಗೇ ಜ್ವರ. ಅದಕ್ಕೇ ಒಂದು ವರ್ಷದ್ದು ನೋಡಬಾರದು, ಕನಿಷ್ಠ ಮೂರು ವರ್ಷದ್ದು ಕೇಳಿ. ಗಣಿತ, ವಿಜ್ಞಾನ, ಇಂಗ್ಲಿಷ್ ಈ ಮೂರರಲ್ಲಿ ಶಾಲೆಯ ಸರಾಸರಿ ಎಷ್ಟು ಅಂತ ಕೇಳಿ. ಗಡಿಯಲ್ಲಿ ದಾಟಿದವನೂ ಪಾಸು, 98 ತೆಗೆದವಳೂ ಪಾಸು. ಪಾಸಿನ ಶೇಕಡಾ ಇಬ್ಬರನ್ನೂ ಒಂದೇ ಅಂತ ಎಣಿಸುತ್ತದೆ.

ನನ್ನ ಮಗಳಾಗಿದ್ದರೆ ಏನು ಮಾಡುತ್ತಿದ್ದೆ? ಎರಡೂ ಶಾಲೆಗೆ ಹೋಗುವ ಎಂಟನೇ ಕ್ಲಾಸಿನ ಮಕ್ಕಳು ನಿಮ್ಮ ಬೀದಿಯಲ್ಲೇ ಇರುತ್ತಾರೆ. ಅವರ ಗಣಿತದ ನೋಟ್‌ಬುಕ್ ಇಸಿದುಕೊಂಡು ನೋಡುತ್ತಿದ್ದೆ. ತಪ್ಪು ಲೆಕ್ಕದ ಪಕ್ಕದಲ್ಲಿ ಟೀಚರ್ ಸರಿ ಲೆಕ್ಕ ಬರೆದಿದ್ದಾರಾ, ಅಥವಾ ಪುಟದ ಕೆಳಗೆ ಸುಮ್ನೆ ಒಂದು ಕೆಂಪು ಗೀರು ಎಳೆದು ತಾರೀಖು ಹಾಕಿದ್ದಾರಾ? ದೂರದ ಚಿಂತೆ ಬೇಡ, ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಹೇಗೂ ಫ್ರೀ.

*2021ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರೆಲ್ಲ ಪಾಸು. 2023ರಲ್ಲಿ ಶೇ. 83.89. 2024ರಲ್ಲಿ ಶೇ. 73.40. 2025ರಲ್ಲಿ ಒಂದು ಪತ್ರಿಕೆ ಶೇ. 66.14 ಅಂತು, ಇನ್ನೊಂದು ಶೇ. 62.34 ಅಂತು. ಮೊಬೈಲ್ ಬಂದ ಮೇಲೆ ಮಕ್ಕಳ ಬುದ್ಧಿ ಮಂಕಾಗುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಒಂದೇ ಪರೀಕ್ಷೆಗೆ ಎರಡು ಫಲಿತಾಂಶ ಹೇಗೆ?*
– ನಿವೃತ್ತ ಬ್ಯಾಂಕ್ ಉದ್ಯೋಗಿ, ಶ್ರೀರಂಗಪಟ್ಟಣ

ಬ್ಯಾಂಕಿನಲ್ಲಿದ್ದವರು ನೀವು. ಬಡ್ಡಿ ದರ ಬದಲಾದ ವರ್ಷ ಠೇವಣಿ ಜಾಸ್ತಿ ಬೆಳೆಯಿತು ಅಂತ ಗಿರಾಕಿಯ ಜಾಣತನ ಹೊಗಳುತ್ತಿದ್ದಿರಾ? ಇಲ್ಲೂ ಪ್ರತಿ ವರ್ಷ ನಿಯಮ ಬದಲಾಗಿದೆ.

2021 ಕೋವಿಡ್ ವರ್ಷ. ಆರು ವಿಷಯಕ್ಕೆ ಎರಡೇ ದಿನ ಪರೀಕ್ಷೆ, ಎಲ್ಲವೂ ಸರಿ ಉತ್ತರಕ್ಕೆ ಗುರುತು ಹಾಕುವ ಪ್ರಶ್ನೆ. ಬರೆದವರನ್ನೆಲ್ಲ ಪಾಸು ಮಾಡುವುದು ಅಂತ ಮೊದಲೇ ತೀರ್ಮಾನವಾಗಿತ್ತು. ಒಬ್ಬರ ಬದಲು ಇನ್ನೊಬ್ಬರು ಬರೆದ ಪ್ರಕರಣದಲ್ಲಿ ಸಿಕ್ಕಿಬಿದ್ದ ಒಬ್ಬರನ್ನು ಬಿಟ್ಟು 8.71 ಲಕ್ಷ ಮಕ್ಕಳೂ ಪಾಸು. ಆ ವರ್ಷವನ್ನು ಹೋಲಿಕೆಯಿಂದ ತೆಗೆದು ಪಕ್ಕಕ್ಕಿಡಿ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ವೆಬ್‌ಕಾಸ್ಟಿಂಗ್ ಅಂದರು. ಕೂತ ಜಾಗದಲ್ಲೇ ಅಧಿಕಾರಿಗಳು ಕೊಠಡಿ ನೋಡುವಂತಾಯಿತು. ಫಲಿತಾಂಶ ಹೇಗೆ ಕುಸಿಯಿತು ಅಂದರೆ, ಕೃಪಾಂಕವನ್ನು (ಗ್ರೇಸ್ ಮಾರ್ಕ್ಸ್) ಶೇ. 10ರಿಂದ 20ಕ್ಕೆ ಏರಿಸಬೇಕಾಯಿತು. ಅಷ್ಟು ಊರುಗೋಲು ಕೊಟ್ಟ ಮೇಲೂ ಬಂದಿದ್ದು 73.40. 2025ರಲ್ಲಿ ಕ್ಯಾಮೆರಾ ಇತ್ತು, ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ. ಹಾಗಾಗಿ 2023ಕ್ಕೂ 2025ಕ್ಕೂ ನಡುವೆ ಇಳಿದಿದ್ದು ಮಕ್ಕಳ ಬುದ್ಧಿಯೋ, ಕೊಠಡಿಯೊಳಗಿನ ‘ಸಹಾಯ’ವೋ? ನನ್ನ ಅನುಮಾನ ಎರಡನೆಯದರ ಮೇಲೆ. ಎಷ್ಟೋ ಪರೀಕ್ಷೆಗಳಲ್ಲಿ ಮೇಲ್ವಿಚಾರಕಿಯಾಗಿ ನಿಂತವಳು ನಾನು, ಕಿಟಕಿ ಆಚೆ ಏನೇನು ನಡೆಯುತ್ತಿತ್ತು ಅಂತ ಕಂಡಿದ್ದೇನೆ.

ಇನ್ನು ಒಂದೇ ಪರೀಕ್ಷೆಗೆ ಎರಡು ಫಲಿತಾಂಶ. ಎರಡೂ ಸರಿ. 2025ರ ಪರೀಕ್ಷೆ-1ಕ್ಕೆ ಕೂತವರು ಒಟ್ಟು 8,42,173. ಪಾಸಾದವರು 5,24,984. ಇದು ಶೇ. 62.34. ಇದರಲ್ಲಿ ಮೊದಲ ಸಲ ಶಾಲೆಯಿಂದ ಬರೆದವರು 7,90,890, ಅವರಲ್ಲಿ ಪಾಸಾದವರು 5,23,075. ಇದು ಶೇ. 66.14. ಈಗ ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿದ 51 ಸಾವಿರ ಚಿಲ್ಲರೆ ಮಂದಿ ಪುನರಾವರ್ತಿತರು, ಖಾಸಗಿಯಾಗಿ ಕಟ್ಟಿದವರು. ಅವರಲ್ಲಿ ಪಾಸಾದವರು ಎರಡು ಸಾವಿರವೂ ಇಲ್ಲ! ನೂರಕ್ಕೆ ನಾಲ್ವರು ಕೂಡ ಇಲ್ಲ.

ಪತ್ರಿಕೆಗಳೆಲ್ಲ ಜಿಲ್ಲೆಗಳ ರ‍್ಯಾಂಕಿನ ಹಿಂದೆ ಬಿದ್ದವು. ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ ಅಂತ ದಪ್ಪ ಅಕ್ಷರದಲ್ಲಿ ಬಂತು. ಮುಂದೆ ಬಂದಿದ್ದರೆ ನಮ್ಮ ಮಂಡ್ಯದವರೂ ಹಾರ ತುರಾಯಿ ಹಿಡಿದು ಓಡುತ್ತಿದ್ದರು. ಆದರೆ ಒಮ್ಮೆ ಫೇಲಾಗಿ ಮತ್ತೆ ಕಟ್ಟಿದ ಹುಡುಗ ಹುಡುಗಿಯರ ಗತಿ ಏನು ಅಂತ ಈ ಕಳೆಯುವ ಲೆಕ್ಕ ಮಾಡಿದರೆ ಮಾತ್ರ ಕಾಣುತ್ತದೆ. ಬಿಟ್ಟ ವಿಷಯ ಕಟ್ಟುವ ಮಕ್ಕಳಿಗೆ ಪಾಠ ಹೇಳುವವರು ಯಾರೂ ಇಲ್ಲ. ಶಾಲೆಗೆ ಅವರು ಹಳಬರು, ಟ್ಯೂಷನ್ನಿಗೆ ದುಡ್ಡಿಲ್ಲ. ಗಂಡುಹುಡುಗರು ಆಲೆಮನೆಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗಿರುತ್ತಾರೆ, ಪರೀಕ್ಷೆ ದಿನ ಬಂದು ಬರೆದು ಹೋಗುತ್ತಾರೆ. ಮೊಬೈಲ್ ಬಗ್ಗೆ ನಿಮಗಿರುವ ಚಿಂತೆ ನನಗೂ ಇದೆ. ಆದರೆ ಈ ಅಂಕಿಗಳು ಅದಕ್ಕೆ ಸಾಕ್ಷಿ ಹೇಳುವುದಿಲ್ಲ.

ಮುಂದಿನ ಹೋಲಿಕೆಯೂ ಕಷ್ಟ. ಪಾಸಾಗಲು 625ಕ್ಕೆ 206 ಅಂಕ, ಅಂದರೆ ಒಟ್ಟಾರೆ ಶೇ. 33, ಪ್ರತಿ ವಿಷಯದಲ್ಲೂ ಕನಿಷ್ಠ ಶೇ. 30 ಸಾಕು ಅಂತ 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಹೇಳಿತು. ಅದಾದ ಮೇಲೆ ಫಲಿತಾಂಶ ಏರಿದರೆ ‘ಗುಣಮಟ್ಟ ಸುಧಾರಿಸಿತು’ ಅಂತ ಯಾರಾದರೂ ಭಾಷಣ ಮಾಡುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನಬೇಡಿ.

*ನಾನು ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನಮ್ಮ ಶಾಲೆಯ ಅಂಕಪಟ್ಟಿಯಲ್ಲಿ ಮೂರನೇ ಕ್ಲಾಸಿನ ಮುಕ್ಕಾಲು ಮಕ್ಕಳಿಗೆ ಎ ಗ್ರೇಡ್. ಕೇಂದ್ರದ ಪರಖ್ ಸರ್ವೆ ಮೂರನೇ ಕ್ಲಾಸಿನ ಭಾಷೆಗೆ 64 ಅನ್ನುತ್ತದೆ. ‘ಅಸರ್’ ವರದಿ ಮೂರನೇ ಕ್ಲಾಸಿನ ನೂರರಲ್ಲಿ 27 ಮಕ್ಕಳಿಗೆ ಮಾತ್ರ ಓದು ಬರುತ್ತದೆ ಅನ್ನುತ್ತದೆ. ಮೂರರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?*
– ಪಾಂಡವಪುರ ತಾಲ್ಲೂಕಿನಿಂದ

ಮೊದಲನೆಯದನ್ನು ಬಿಡಿ ಅಣ್ಣ. ಪಾಠ ಮಾಡುವವರೇ ಪ್ರಶ್ನೆ ತೆಗೆದು, ಅವರೇ ತಿದ್ದಿ, ಅವರೇ ಮೇಲಕ್ಕೆ ವರದಿ ಕಳಿಸುವ ಗ್ರೇಡು ಅದು. ಬಿ ಕೊಟ್ಟರೆ ‘ಯಾಕೆ ಬಿ’ ಅಂತ ನೋಟಿಸು ಬರುತ್ತದೆ, ಎ ಕೊಟ್ಟರೆ ಯಾರೂ ಕೇಳುವುದಿಲ್ಲ. ನೀವಾಗಿದ್ದರೆ ಏನು ಕೊಡುತ್ತಿದ್ದಿರಿ?

ಉಳಿದ ಎರಡರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಅಳೆದಿದ್ದು ಬೇರೆ ಬೇರೆ.

ಪರಖ್ ಸರ್ವೆ ನಡೆದಿದ್ದು 2024ರ ಡಿಸೆಂಬರ್ 4ರಂದು. ಮೂರು, ಆರು, ಒಂಬತ್ತನೇ ತರಗತಿಗೆ. ದೇಶದ 781 ಜಿಲ್ಲೆಗಳ 74,229 ಶಾಲೆಗಳಿಂದ ಆಯ್ದ 21 ಲಕ್ಷ ಮಕ್ಕಳು. ಸರ್ಕಾರಿ, ಖಾಸಗಿ, ಹಳ್ಳಿ, ಪಟ್ಟಣ ಎಲ್ಲವೂ ಸೇರಿ. ಅದರ 64 ಅಂದರೆ ನೂರರಲ್ಲಿ 64 ಮಕ್ಕಳಿಗೆ ಓದು ಬರುತ್ತದೆ ಅಂತ ಅಲ್ಲ. ಕೇಳಿದ ಪ್ರಶ್ನೆಗಳಲ್ಲಿ ಮಕ್ಕಳು ಸರಾಸರಿ ಶೇ. 64ಕ್ಕೆ ಸರಿ ಉತ್ತರ ಗುರುತಿಸಿದರು ಅಂತ. ನಾಲ್ಕು ಉತ್ತರ ಕೊಟ್ಟಾಗ ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕಕ್ಕೆ ಒಂದು ಸರಿ ಬೀಳುತ್ತದೆ ಅನ್ನುವುದು ನೆನಪಿರಲಿ.

ಅಸರ್ ಮಾಡುವುದು ಸರ್ಕಾರವಲ್ಲ, ಪ್ರಥಮ್ ಎಂಬ ಸಂಸ್ಥೆ. 2005ರಿಂದ ಮಾಡುತ್ತಿದೆ. ಬರೀ ಹಳ್ಳಿಗಳಲ್ಲಿ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಶಾಲೆಗಲ್ಲ, ಮನೆಗೇ ಹೋಗುತ್ತಾರೆ. ಹಾಗಾಗಿ ಕಾನ್ವೆಂಟಿಗೆ ಹೋಗುವ ಮಗು, ಶಾಲೆ ಬಿಟ್ಟ ಮಗು, ಆವತ್ತು ಚಕ್ಕರ್ ಹಾಕಿದ ಮಗು ಎಲ್ಲರೂ ಸಿಗುತ್ತಾರೆ. ಒಬ್ಬೊಬ್ಬರನ್ನೇ ಕೂರಿಸಿ, ಒಂದು ಹಾಳೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಾರೆ. ಹಾಳೆಯಲ್ಲಿ ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸಿನ ಮಟ್ಟದ ಪುಟ್ಟ ಕಥೆ. 2024ರ ವರದಿಯ ಶೇ. 27.1 ಅನ್ನುವುದು ಈ ಕೊನೆಯ ಕಥೆಯನ್ನು ಸರಾಗವಾಗಿ ಓದಿದ ಮೂರನೇ ಕ್ಲಾಸಿನ ಮಕ್ಕಳ ಲೆಕ್ಕ, ಇಡೀ ದೇಶದ್ದು. ಸರ್ಕಾರಿ ಶಾಲೆಯ ಮಕ್ಕಳನ್ನು ಮಾತ್ರ ತೆಗೆದುಕೊಂಡರೆ 23.4. ‘27 ಮಕ್ಕಳಿಗೆ ಮಾತ್ರ ಓದು ಬರುತ್ತದೆ’ ಅನ್ನುವುದು ಸರಿಯಲ್ಲ. ಉಳಿದವರಲ್ಲಿ ಪದ ಓದುವವರಿದ್ದಾರೆ, ಒಂದನೇ ಕ್ಲಾಸಿನ ಸಾಲು ಓದುವವರಿದ್ದಾರೆ.

ಡಯಟ್‌ನ (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ) ಡಿ.ಇಡಿ. ಹುಡುಗಿಯರ ಜೊತೆ ಇಂಥ ಹಾಳೆ ಹಿಡಿದು ನಿಮ್ಮ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಓಡಾಡಿದ್ದೇನೆ. ಮನೆಯ ಜಗಲಿ ಮೇಲೆ ಮೂರನೇ ಕ್ಲಾಸಿನ ಒಂದು ಹುಡುಗಿ. ಪಠ್ಯಪುಸ್ತಕ ಕೊಟ್ಟರೆ ಪಾಠವನ್ನು ಪಟಪಟ ಒಪ್ಪಿಸಿದಳು, ಬೆರಳೂ ಸಾಲಿನ ಮೇಲೇ ಓಡಿತು. ಅಜ್ಜಿಗೆ ಹೆಮ್ಮೆಯೋ ಹೆಮ್ಮೆ. ನಮ್ಮ ಹಾಳೆ ಕೊಟ್ಟೆವು. ‘ಗಿ... ಡ... ದ... ಗಿಡದ’ ಅಂತ ನಿಧಾನಕ್ಕೆ ಶುರುವಾಯಿತು. ‘ಹಕ್ಕಿ’ ಬಂದಾಗ ‘ಹಕಿ’ ಅಂದು ನನ್ನ ಮುಖ ನೋಡಿದಳು. ಒತ್ತಕ್ಷರ ಕಂಡಲ್ಲೆಲ್ಲ ಒತ್ತನ್ನು ಹಾರಿಸಿಕೊಂಡು ಹೋದಳು. ಸಾಲು ಮುಗಿಯುವ ಹೊತ್ತಿಗೆ ಮೊದಲು ಓದಿದ್ದು ಮರೆತಿತ್ತು. ಪುಸ್ತಕದ ಪಾಠ ಅವಳಿಗೆ ಬಾಯಿಪಾಠ, ಪಕ್ಕದ ಚಿತ್ರ ನೋಡಿ ಹೇಳುತ್ತಿದ್ದಳು ಅಷ್ಟೇ. ಆದರೆ ದಡ್ಡಿಯಲ್ಲ. ಒತ್ತಕ್ಷರ ಒಂದನ್ನು ಕೂರಿಸಿ ಹೇಳಿಕೊಟ್ಟರೆ ಬೇಗ ದಾಟಿಬಿಡುವ ಮಗು. ಶಾಲೆಯ ಅಂಕಪಟ್ಟಿಯಲ್ಲಿ ಎ, ಪರಖ್‌ನಂಥ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಮೇಲೆ, ಅಸರ್‌ನಲ್ಲಿ ‘ಕಥೆ ಓದಲಾರಳು’. ಒಂದೇ ಮಗು, ಮೂರು ಲೆಕ್ಕ.

ಪರಖ್ ತೋರಿಸುವ ಇನ್ನೊಂದು ಸಂಗತಿ ಹೇಳಲಾ? ಮೇಲೆ ಹೋದಂತೆ ಗಣಿತ ಜಾರುತ್ತದೆ. ಗಣಿತದ ಸರಾಸರಿ ಮೂರನೇ ಕ್ಲಾಸಿಗೆ 60, ಆರಕ್ಕೆ 46, ಒಂಬತ್ತಕ್ಕೆ 37. ಆರನೇ ಕ್ಲಾಸಿನಲ್ಲಿ ಹತ್ತರವರೆಗಿನ ಮಗ್ಗಿ ಗೊತ್ತಿದ್ದು ಕೂಡುವ ಕಳೆಯುವ ಲೆಕ್ಕ ಮಾಡಬಲ್ಲವರು ಶೇ. 53. ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡು, ಧ್ವಜಸ್ತಂಭದ ಮಾತು ಮುಗಿದ ಮೇಲೆ ಒಂದು ದಿನ ನೀವೇ ಒಂದು ಹೊಸ ಕಥೆಯ ಹಾಳೆ ತೆಗೆದುಕೊಂಡು ಹೋಗಿ, ಐದನೇ ಕ್ಲಾಸಿನ ಮಕ್ಕಳಿಂದ ಓದಿಸಿ. ಮೇಷ್ಟ್ರನ್ನು ಬೈಯಲು ಹೋಗಬೇಡಿ. ಯಾವ ಮಗು ಎಲ್ಲಿ ನಿಂತಿದೆ ಅಂತ ಬರೆದು ಅವರ ಕೈಗೆ ಕೊಡಿ.

*ಒಟ್ಟು ದಾಖಲಾತಿ ಪ್ರಮಾಣ ಶೇ. 100ಕ್ಕಿಂತ ಜಾಸ್ತಿ ಅಂತ ಕೆಲವು ವರದಿಯಲ್ಲಿದೆ. ಇರುವ ಮಕ್ಕಳಿಗಿಂತ ಜಾಸ್ತಿ ಮಕ್ಕಳು ಶಾಲೆಗೆ ಸೇರುವುದು ಹೇಗೆ?*
– ಬಿ.ಇಡಿ. ವಿದ್ಯಾರ್ಥಿನಿ, ಮೈಸೂರು

ಪ್ರಾಥಮಿಕದ ಲೆಕ್ಕವನ್ನೇ ನೋಡು, ಅದೊಂದು ಭಿನ್ನರಾಶಿ. ಮೇಲೆ ಒಂದರಿಂದ ಐದನೇ ಕ್ಲಾಸಿನಲ್ಲಿರುವ ಎಲ್ಲ ಮಕ್ಕಳು. ಕೆಳಗೆ ಊರಿನಲ್ಲಿರುವ 6ರಿಂದ 10 ವಯಸ್ಸಿನ ಮಕ್ಕಳು ಮಾತ್ರ. ಐದೂವರೆಗೆ ಸೇರಿದವರು, ಹನ್ನೊಂದಾದರೂ ಐದನೇ ಕ್ಲಾಸಿನಲ್ಲಿರುವವರು ಮೇಲೆ ಬರುತ್ತಾರೆ, ಕೆಳಗೆ ಬರುವುದಿಲ್ಲ. ಅಷ್ಟೇ. ಜೊತೆಗೆ ಕೆಳಗಿನ ಸಂಖ್ಯೆ 2011ರ ಜನಗಣತಿಯಿಂದ ಅಂದಾಜು ಮಾಡಿದ್ದು. ಇನ್ನೂ ಅನುಮಾನ ಇದ್ದರೆ ಮಾನಸಗಂಗೋತ್ರಿ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೆ ಹೋಗು. 1963ರಿಂದ ಮೈಸೂರಿನಲ್ಲಿದೆ, ನಿನ್ನ ಹಾಸ್ಟೆಲಿನಿಂದ ದೂರ ಇರಲಾರದು.

*ನನ್ನ ಮಗ ಒಂದನೇ ಕ್ಲಾಸು. ನಲಿಕಲಿಯಲ್ಲಿ ಎರಡು, ಮೂರನೇ ಕ್ಲಾಸಿನವರ ಜೊತೆ ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಹಳ್ಳಿ ಮಕ್ಕಳ ಮೇಲೆ ಯಾರೋ ಪ್ರಯೋಗ ಮಾಡುತ್ತಿದ್ದಾರೆ ಅನ್ನಿಸುತ್ತದೆ.*
– ಹುಣಸೂರು

ಪ್ರಯೋಗ ಶುರುವಾಗಿದ್ದು ನಿಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲೇ, 1995ರ ಹೊತ್ತಿಗೆ. ಯುನಿಸೆಫ್ ನೆರವು ಇತ್ತು, ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿಕೊಂಡು ಬಂದು ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕಾರ್ಡುಗಳನ್ನು ಮಾಡಿದರು. ಕಾಡಂಚಿನ ಒಬ್ಬ ಟೀಚರ್ ಶಾಲೆಗಳಿಗೆ ಅದು ಹೊಂದಿತು. ಮಗು ತನ್ನ ವೇಗದಲ್ಲಿ ಏಣಿ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಕಾರ್ಡು ಮುಗಿಸುತ್ತದೆ. ನನಗೆ ಆ ಪದ್ಧತಿ ಇಷ್ಟ. ಕಾರ್ಡು ಹರಿದು, ಏಣಿಪಟ ಗೋಡೆ ಮೇಲೆ ಬಣ್ಣಕ್ಕೆ ಮಾತ್ರ ಉಳಿದ ಶಾಲೆಯಲ್ಲಿ ಇಷ್ಟವಿಲ್ಲ. ಮಗ ಈಗ ಎಷ್ಟನೇ ಮೆಟ್ಟಿಲಲ್ಲಿದ್ದಾನೆ ಅಂತ ಟೀಚರನ್ನು ಕೇಳಿ. ತಡವರಿಸದೆ ಹೇಳಿದರೆ ನಿಶ್ಚಿಂತೆಯಿಂದ ಮನೆಗೆ ಬನ್ನಿ.

*ಪಾಠ ಬಿಟ್ಟು ವರ್ಷವಿಡೀ ಯು-ಡೈಸ್ (ಕೇಂದ್ರದ ಶಾಲಾ ಮಾಹಿತಿ), ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ದಾಖಲೆ), ಆಪಾರ್ (ಮಗುವಿನ ಗುರುತು ಸಂಖ್ಯೆ) ಅಂತ ಕಂಪ್ಯೂಟರ್ ಮುಂದೆ ಕೂರುವುದೇ ಆಗಿದೆ. ಈ ಡೇಟಾ ಯಾರಾದರೂ ನೋಡುತ್ತಾರಾ?*
– ಒಬ್ಬ ಮುಖ್ಯ ಶಿಕ್ಷಕರು, ನಾಗಮಂಗಲ ತಾಲ್ಲೂಕು

ನಿಮ್ಮ ಹೊಟ್ಟೆ ಉರಿ ನನಗೆ ಗೊತ್ತು ಮೇಷ್ಟ್ರೇ. ಆಧಾರ್‌ನಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಹಿಂದೆ, ದಾಖಲಾತಿ ಪುಸ್ತಕದಲ್ಲಿ ಮುಂದೆ, ಸರ್ವರ್ ಒಪ್ಪುವುದಿಲ್ಲ. ತಿದ್ದಿಸಲು ತಾಯಿ ಕೂಲಿ ಬಿಟ್ಟು ಆಧಾರ್ ಸೆಂಟರಿನಲ್ಲಿ ಸಾಲು ನಿಲ್ಲಬೇಕು. ರಾತ್ರಿ ನೆಟ್‌ವರ್ಕ್ ಚೆನ್ನಾಗಿರುತ್ತದೆ ಅಂತ ಹನ್ನೊಂದು ಗಂಟೆಗೆ ಎಂಟ್ರಿ ಮಾಡುವ ಎಷ್ಟೋ ಟೀಚರುಗಳನ್ನು ಬಲ್ಲೆ. ಒಂದೇ ಮಗುವಿನ ಅದೇ ವಿವರವನ್ನು ರಾಜ್ಯಕ್ಕೊಂದು ಸಲ, ಕೇಂದ್ರಕ್ಕೊಂದು ಸಲ ತುಂಬಿಸುವುದು ಶುದ್ಧ ದಂಡ. ಇದಕ್ಕೆ ನನ್ನ ಬಳಿ ಸಮಾಧಾನ ಇಲ್ಲ.

ಆದರೆ ನೋಡುವವರು ಇದ್ದಾರೆ. ಹಿಂದೆ ಶಾಲೆಗಳು ಯು-ಡೈಸ್‌ಗೆ ಕ್ಲಾಸಿಗೆ ಇಷ್ಟು ಮಕ್ಕಳು ಅಂತ ಒಟ್ಟು ಸಂಖ್ಯೆ ಕೊಡುತ್ತಿದ್ದವು. 2022-23ರಿಂದ ಒಂದೊಂದು ಮಗುವಿನ ಹೆಸರಿನಲ್ಲಿ ವಿವರ ಕೊಡಬೇಕಾಯಿತು. ದೇಶದ ಒಟ್ಟು ದಾಖಲಾತಿ ಆ ಒಂದೇ ವರ್ಷದಲ್ಲಿ 26.5 ಕೋಟಿಯಿಂದ 25.2 ಕೋಟಿಯ ಆಸುಪಾಸಿಗೆ ಇಳಿಯಿತು. ಕೋಟಿಗೂ ಮೀರಿ ಮಕ್ಕಳು ಶಾಲೆ ಬಿಟ್ಟರಾ? ಇಲ್ಲ. ಹೆಸರು ಇಲ್ಲಿ, ಓದು ಅಲ್ಲಿ ಅನ್ನುವ ಜೋಡಿ ದಾಖಲಾತಿ ಕಳಚಿದ್ದು ಒಂದು ದೊಡ್ಡ ಕಾರಣ. ಹುಟ್ಟುವ ಮಕ್ಕಳೂ ಕಡಿಮೆಯಾಗಿದ್ದಾರೆ. ನಿಮ್ಮ ರಾತ್ರಿ ಹನ್ನೊಂದರ ಕೆಲಸದಿಂದಲೇ ಆ ಪೊಳ್ಳು ಹೊರಬಿದ್ದಿದ್ದು.

ನನ್ನ ದೂರು ಬೇರೆ. ಆ ಫಾರಂನಲ್ಲಿ ಕೊಠಡಿ ಎಷ್ಟು, ಶೌಚಾಲಯ ಎಷ್ಟು, ನಲ್ಲಿ, ರ‍್ಯಾಂಪು, ಲೈಬ್ರರಿ ಪುಸ್ತಕ ಎಲ್ಲದಕ್ಕೂ ಕಾಲಂ ಇದೆ. ಪುಸ್ತಕ ಎಷ್ಟಿವೆ ಅಂತ ಕೇಳುತ್ತದೆ, ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳುವುದಿಲ್ಲ.

*ಕೆಎಎಸ್‌ಗೆ ಓದುತ್ತಿದ್ದೇನೆ. ಮಂಡ್ಯದ ಸಾಕ್ಷರತೆ ಶೇ. 70.40, ಮೈಸೂರಿನದು 72.79. ಈ ಎರಡರ ಅಂತರಕ್ಕೆ ಕಾರಣ ಏನು ಬರೆಯಲಿ?*
– ಮಂಡ್ಯ ನಗರ

ಮೊದಲು ಇದು 2011ರ ಜನಗಣತಿಯದ್ದು ಅಂತ ಬರೆಯಪ್ಪ. ಮೈಸೂರು ಜಿಲ್ಲೆಯ ಲೆಕ್ಕದಲ್ಲಿ ಇಡೀ ಮೈಸೂರು ನಗರ ಸೇರಿದೆ, ಅಂತರದ ಹೆಚ್ಚಿನ ಪಾಲು ಅಲ್ಲೇ ಇದೆ. ಇನ್ನು ಸಾಕ್ಷರತೆ ಅಂದರೆ 7 ವರ್ಷ ಮೇಲ್ಪಟ್ಟವರು ಯಾವುದಾದರೂ ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲರು ಅಂತ. ಯಾರನ್ನೂ ಓದಿಸಿ ನೋಡುವುದಿಲ್ಲ. ಮನೆ ಯಜಮಾನ ಹೇಳಿದ್ದೇ ಉತ್ತರ. ಬಾಗಿಲಲ್ಲಿ ನಿಂತು ‘ನಿಮ್ಮ ಸೊಸೆಗೆ ಓದು ಬರುತ್ತಾ’ ಅಂದರೆ ಯಾರು ಇಲ್ಲ ಅಂತಾರೆ?

*ನಮ್ಮೂರ ಶಾಲೆಯ ಅಂಕಿಅಂಶ ನಾವೇ ನೋಡಬಹುದಾ?*
– ಕೆ.ಆರ್. ಪೇಟೆ

ಧಾರಾಳವಾಗಿ. ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ಕೋಡ್ ಇದೆ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಬಹಳಷ್ಟು ಶಾಲೆಗಳಲ್ಲಿ ಗೇಟಿನ ಪಕ್ಕದ ಗೋಡೆ ಮೇಲೆ ಬರೆದಿರುತ್ತಾರೆ. ಯು-ಡೈಸ್ ಪ್ಲಸ್ ಜಾಲತಾಣದಲ್ಲಿ ‘ನಿಮ್ಮ ಶಾಲೆ ತಿಳಿಯಿರಿ’ ಎಂಬ ಭಾಗದಲ್ಲಿ ಆ ಕೋಡ್ ಹಾಕಿದರೆ ಶಾಲೆಯ ವಿವರ ತೆರೆದುಕೊಳ್ಳುತ್ತದೆ. ಕ್ಲಾಸುವಾರು ಮಕ್ಕಳ ಸಂಖ್ಯೆ ಮತ್ತು ಟೀಚರುಗಳ ಸಂಖ್ಯೆ ಮೊದಲು ನೋಡಿ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಪ್ರಕಾರ ಒಂದರಿಂದ ಐದರವರೆಗೆ 30 ಮಕ್ಕಳಿಗೆ ಒಬ್ಬ ಟೀಚರ್. ಅಲ್ಲಿ ತೋರಿಸುವ ಟೀಚರುಗಳಲ್ಲಿ ಎಷ್ಟು ಮಂದಿ ನಿಯೋಜನೆ ಮೇಲೆ ಬೇರೆ ಕಡೆ ಕೂತಿದ್ದಾರೆ ಅನ್ನುವುದಕ್ಕೆ ಮಾತ್ರ ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಶಾಲೆಗೇ ಹೋಗಿ ನೋಡಬೇಕು.